ಶನಿವಾರದ ಸಂತೆ ಸುತ್ತಾಟ: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 9.30ಕ್ಕೆ ಇಟಲಿಯ ತೊರಿನೊದ ಪೋರ್ಟಾ ಪಲಾಜೊ ಸಂತೆಯಲ್ಲಿ, ಗಡಿಯಾರವಿರುವ ಕಟ್ಟಡದ ಮುಂದೆ ಸೇರೋಣ. ಅವಸರವಿಲ್ಲ, ಶನಿವಾರ ಸಂತೆ ಸಂಜೆಯವರೆಗೂ ಇರುತ್ತದೆ. ಕೈಚೀಲ ತನ್ನಿ, ಚಿಲ್ಲರೆ ಯೂರೊ ಇರಲಿ.

ಒಂದು ಮಾತು. ತರಕಾರಿಯನ್ನು ಮುಟ್ಟಿ ಆರಿಸಬೇಡಿ; ಎಷ್ಟು ಬೇಕೆಂದು ಹೇಳಿದರೆ ಮಾರುವವರೇ ಆರಿಸಿ ಕೊಡುತ್ತಾರೆ. ಹೊಸದಾಗಿ ಬಂದಾಗ ನಾನು ನಮ್ಮೂರ ಅಭ್ಯಾಸದಂತೆ ಟೊಮೆಟೊ ಒತ್ತಿ ನೋಡಿ, ಅಜ್ಜಿಯೊಬ್ಬರಿಂದ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡಿದ್ದೇನೆ. ಸುತ್ತಲಿನ ರೈತರು ತಾವೇ ಬೆಳೆದದ್ದನ್ನು ಮಾರುವ ಚಾವಣಿ ಬೇರೆಯೇ ಇದೆ. ಸೊಪ್ಪಿಗೆ ಅಲ್ಲಿಗೇ ಹೋಗೋಣ.

ಮಧ್ಯಾಹ್ನಕ್ಕೆ ಫರಿನಾತಾ. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ಅಗಲವಾದ ತಟ್ಟೆಯಲ್ಲಿ ಒಲೆಯೊಳಗೆ ಬೆಂದು ಬಂದಾಗ ಅಂಚು ಗರಿಗರಿ, ನಡುವೆ ಮೆತ್ತಗೆ. ಸಸ್ಯಾಹಾರಿಗಳು ನಿಶ್ಚಿಂತೆಯಿಂದ ತಿನ್ನಬಹುದು. ಪಾರ್ಮಿಜಾನೊ ಚೀಸ್ ಮಾತ್ರ ಬೇಡ; ಅದಕ್ಕೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ಕಿಣ್ವದಿಂದ.

ಆಮೇಲೆ ಕೊನ್ಸೊಲಾತಾ ಚೌಕದಲ್ಲಿ 1763ರಿಂದ ಇರುವ ಕೆಫೆಯಲ್ಲಿ ಬಿಚೆರಿನ್: ಕಾಫಿ, ಚಾಕೊಲೇಟ್, ಮೇಲೆ ಕೆನೆ. ಕಲಕದೆ ಕುಡಿಯಬೇಕು. ಇದು ನಮ್ಮ ಫಿಲ್ಟರ್ ಕಾಫಿಗೆ ಸಾಟಿಯೇ ಎಂದು ಅಲ್ಲೇ ಕುಳಿತು ವಾದ ಮಾಡೋಣ.

ಬರುವವರು ಗುರುವಾರದೊಳಗೆ ಇಲ್ಲಿಯೇ ಹೆಸರು ತಿಳಿಸಿ.