ಡಿ ಓಟಕ್ಕೂ ನಾಲ್ಕು ಅಂಕ

ಮಾನ್ಯ ಸಂಪಾದಕರೇ,

ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ 31 ವರ್ಷ ಪಿಟಿ ಮೇಷ್ಟ್ರಾಗಿದ್ದೆ. ಈಗ ನಿವೃತ್ತ. ಏಪ್ರಿಲ್‌ನಿಂದ ನಾನು, ನಮ್ಮ ಮನೆಯವರು ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ ಮಗಳ ಮನೆಯಲ್ಲಿದ್ದೇವೆ. ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಮೊಮ್ಮಗಳಿಗೆ ಹತ್ತು ವರ್ಷ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಅವಳನ್ನು ಶಾಲೆಗೆ ಬಿಡುವುದು, ಕರೆತರುವುದು ನನ್ನ ಪಾಲಿಗೆ ಬಂತು. ಅದರಿಂದ ಒಂದು ಒಳ್ಳೆಯದಾಯಿತು. ಬೇಸಿಗೆ ಅವಧಿಯ ಕೊನೆಯ ವಾರಗಳನ್ನು ಆ ಶಾಲೆಯಲ್ಲಿ ಹತ್ತಿರದಿಂದ ನೋಡಿದೆ. ನೋಡಿದ್ದನ್ನು ನಮ್ಮ ಶಿಕ್ಷಕರಿಗೆ ಹೇಳದೆ ಇರಲು ಮನಸ್ಸು ಒಪ್ಪುತ್ತಿಲ್ಲ.

ಅವಳು ಓದುವುದು ಪ್ರೆಪ್ ಸ್ಕೂಲಿನಲ್ಲಿ. ಅಂದರೆ ಪ್ರಿಪರೇಟರಿ ಶಾಲೆ. ನಮ್ಮಲ್ಲಿ ಈ ಮಾತು ಕೇಳಿದರೆ ಎಲ್‌ಕೆಜಿ, ಯುಕೆಜಿ ಇರಬೇಕು ಅಂದುಕೊಳ್ಳುತ್ತೇವೆ. ಇಲ್ಲಿ ಅದು ಏಳೆಂಟು ವರ್ಷದಿಂದ ಹದಿಮೂರರವರೆಗಿನ ಮಕ್ಕಳು ಓದುವ ಖಾಸಗಿ ಶಾಲೆ. ಮುಂದೆ ದೊಡ್ಡ ಖಾಸಗಿ ಶಾಲೆಗಳಿಗೆ ಸೇರಲು ಮಕ್ಕಳನ್ನು ತಯಾರು ಮಾಡುವುದು ಇದರ ಕೆಲಸ. ಅದಕ್ಕೆಂದೇ ಕಾಮನ್ ಎಂಟ್ರೆನ್ಸ್ ಎಂಬ ಪರೀಕ್ಷೆ ಇದೆ. 1904ರಿಂದ ನಡೆದು ಬಂದದ್ದು.

ಶುಲ್ಕದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ಮೂರು ಅವಧಿ, ಒಂದೊಂದಕ್ಕೂ ಸಾವಿರಾರು ಪೌಂಡ್. ಮೇಲೆ 2025ರ ಜನವರಿ 1ರಿಂದ ಸರ್ಕಾರ ಶೇ 20ರಷ್ಟು ವ್ಯಾಟ್ ಹಾಕಿದೆ. ಮಗಳು, ಅಳಿಯ ರಾತ್ರಿ ಊಟವಾದ ಮೇಲೆ ಲೆಕ್ಕ ಹಾಕುತ್ತಾ ಕೂರುವುದನ್ನು ಕಂಡಿದ್ದೇನೆ. ಈ ದೇಶದಲ್ಲೂ ಖಾಸಗಿ ಶಾಲೆಗೆ ಹೋಗುವುದು ನೂರರಲ್ಲಿ ಆರೇಳು ಮಕ್ಕಳು ಮಾತ್ರ. ದುಡ್ಡಿದ್ದರೆ ಏನು ಬೇಕಾದರೂ ಮಾಡಬಹುದು ಎಂದುಕೊಂಡು ಯಾರೂ ಈ ಪತ್ರವನ್ನು ಇಲ್ಲಿಗೇ ಬಿಡಬೇಡಿ. ನಾನು ಹೇಳಬೇಕೆಂದಿರುವುದಕ್ಕೆ ದುಡ್ಡು ಬೇಕಾಗಿಲ್ಲ.

ದೊಡ್ಡ ತರಗತಿಯ ಮಕ್ಕಳ ಕಾಮನ್ ಎಂಟ್ರೆನ್ಸ್ ಜೂನ್ ಮೊದಲ ವಾರದಲ್ಲಿ ಮುಗಿಯಿತು. ಉಳಿದ ತರಗತಿಗಳ ಪರೀಕ್ಷೆಯೂ ಅದೇ ಹೊತ್ತಿಗೆ ಮುಗಿಯಿತು. ಶಾಲೆಗೆ ರಜೆ ಸಿಗುವುದು ಜುಲೈ ಮೊದಲ ವಾರ ಕಳೆದ ಮೇಲೆ. ನಡುವೆ ನಾಲ್ಕು ವಾರ ಉಳಿಯುತ್ತದೆ. ನಮ್ಮಲ್ಲಿ ಪರೀಕ್ಷೆ ಮುಗಿದ ಮೇಲಿನ ದಿನಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತೇ ಇದೆ. ಅರ್ಧ ಮಕ್ಕಳು ಬರುವುದಿಲ್ಲ. ಬಂದವರು ಬಿಸಿಯೂಟ ಮುಗಿಸಿ ಮರದ ಕೆಳಗೆ ಸುಮ್ನೆ ಕೂರುತ್ತಾರೆ. ಮೇಷ್ಟ್ರುಗಳು ಪೇಪರ್ ತಿದ್ದುತ್ತಾ, ಫಲಿತಾಂಶದ ಪಟ್ಟಿ ಬರೆಯುತ್ತಾ ಇರುತ್ತಾರೆ. ನಾನೂ ಹಾಗೇ ಕಳೆದಿದ್ದೇನೆ.

ಇಲ್ಲಿ ಆ ನಾಲ್ಕು ವಾರ ಒಂದು ದಿನವೂ ಖಾಲಿ ಇರಲಿಲ್ಲ. ಶಾಲೆ ಬಿಟ್ಟು ಹೋಗುವ ಕೊನೆಯ ತರಗತಿಯ (ಇಲ್ಲಿ ಅದನ್ನು ಇಯರ್ 8 ಅನ್ನುತ್ತಾರೆ) ಮಕ್ಕಳು ಟೆಂಟ್ ಹಾಕಿ ಹೊರಗೆ ಮಲಗಿದರು, ಪ್ರಥಮ ಚಿಕಿತ್ಸೆ ಕಲಿತರು, ನಾಟಕ ಕಟ್ಟಿದರು. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಸಂಜೆ ನಾನು ಗೇಟಿನ ಹತ್ತಿರ ಕಾಯುವಾಗ ಒಂದು ಕಡೆ ಕ್ರಿಕೆಟ್ ಚೆಂಡಿನ ಸದ್ದು, ಇನ್ನೊಂದು ಕಡೆ ಕಿಟಕಿಯಿಂದ ತುತ್ತೂರಿಯ ಸದ್ದು. ತುತ್ತೂರಿ ನುಡಿಸುತ್ತಿದ್ದ ಮಗು ಒಂದೇ ಸಾಲನ್ನು ಹತ್ತು ದಿನ ತಪ್ಪಾಗಿ ನುಡಿಸಿತು. ಹನ್ನೊಂದನೇ ದಿನ ಸರಿಯಾಯಿತು.

ಕ್ರೀಡಾಕೂಟದ ದಿನ ಮಳೆ ಬಂತು. ಎರಡು ದಿನ ಮುಂದೆ ಹಾಕಿ ನಡೆಸಿದರು.

ಮೈದಾನಕ್ಕೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹೋಗಿದ್ದು ಟ್ರ್ಯಾಕಿನ ಗೆರೆಗಳ ಮೇಲೆ. ಹುಲ್ಲಿನ ಟ್ರ್ಯಾಕ್. ಹೆಜ್ಜೆ ಹಾಕಿ ಅಳೆದೆ. ಒಂದು ಸುತ್ತಿಗೆ 300 ಮೀಟರ್. 400 ಮೀಟರ್ ಹಿಡಿಸುವಷ್ಟು ಜಾಗ ಅವರಿಗೂ ಇಲ್ಲ. ನಾವು ಸುಣ್ಣದ ಪುಡಿ ಸುರಿದು ಗೆರೆ ಹಾಕುತ್ತಿದ್ದೆವು. ಇಲ್ಲಿ ಬಿಳಿ ಬಣ್ಣ ಬಿಡುವ ಸಣ್ಣ ತಳ್ಳುಗಾಡಿ ಇದೆ. ತಿರುವಿನಲ್ಲಿ ಹೊರಗಿನ ಲೇನಿನವರನ್ನು ಎಷ್ಟು ಮುಂದೆ ನಿಲ್ಲಿಸಬೇಕೋ ಅದನ್ನು ಸರಿಯಾಗಿ ಗುರುತು ಮಾಡಿದ್ದರು. ಮನಸ್ಸಿಗೆ ಸಮಾಧಾನವಾಯಿತು.

ಆಮೇಲೆ ಓಟ ಶುರುವಾಯಿತು. ನಾನು ಇಷ್ಟು ವರ್ಷ ಮಾಡದೇ ಇದ್ದದ್ದು ಏನು ಎಂದು ಆಗ ಗೊತ್ತಾಯಿತು.

ಮೊಮ್ಮಗಳ ತರಗತಿಯಲ್ಲಿ 32 ಮಕ್ಕಳು. 16 ಹುಡುಗಿಯರು, 16 ಹುಡುಗರು. ಶಾಲೆಗೆ ನಾಲ್ಕು ಹೌಸ್: ಕೆಂಪು, ನೀಲಿ, ಹಸಿರು, ಹಳದಿ. ಹುಡುಗಿಯರ 100 ಮೀಟರ್ ಓಟ ಅಂದರೆ ನಾಲ್ಕು ಓಟ. ಎ, ಬಿ, ಸಿ, ಡಿ. ಪ್ರತಿ ಹೌಸಿನ ಅತಿ ವೇಗದ ಹುಡುಗಿ ಎ ಓಟದಲ್ಲಿ ಓಡುತ್ತಾಳೆ. ಎರಡನೆಯವಳು ಬಿ ಓಟದಲ್ಲಿ. ಹೀಗೆ ಎಲ್ಲಕ್ಕಿಂತ ನಿಧಾನದವಳು ಡಿ ಓಟದಲ್ಲಿ. ಒಂದೊಂದು ಓಟಕ್ಕೂ ನಾಲ್ಕೇ ಜನ, ಹೆಚ್ಚು ಕಡಿಮೆ ಒಂದೇ ವೇಗದವರು. ಮೊದಲು ಬಂದವರಿಗೆ 4 ಅಂಕ, ಆಮೇಲೆ 3, 2, 1. ಈ ಅಂಕ ಎ ಓಟಕ್ಕೂ ಅಷ್ಟೇ, ಡಿ ಓಟಕ್ಕೂ ಅಷ್ಟೇ. ಎಲ್ಲ ಹೌಸಿನ ಲೆಕ್ಕಕ್ಕೆ ಹೋಗುತ್ತದೆ.

ಇಷ್ಟೇ ವ್ಯವಸ್ಥೆ. ಆದರೆ ಇದು ಮೈದಾನವನ್ನು ಎಷ್ಟು ಬದಲಾಯಿಸುತ್ತದೆ ಎಂದು ಕಣ್ಣಾರೆ ನೋಡಬೇಕು. ಡಿ ಓಟ ಶುರುವಾಗುವಾಗ ಹಸಿರು ಹೌಸ್ ಎರಡೇ ಅಂಕ ಮುಂದಿತ್ತು. ಹಳದಿ ಹೌಸಿನ ಒಂದು ದಪ್ಪನೆಯ ಹುಡುಗಿ ಓಡಲು ನಿಂತಳು. ಎ ಓಟದಲ್ಲಿ ಗೆದ್ದು ಬಂದಿದ್ದ ಅದೇ ಹೌಸಿನ ಹುಡುಗಿ ಹಗ್ಗದ ಪಕ್ಕದಲ್ಲೇ ಓಡುತ್ತಾ ಇವಳ ಹೆಸರು ಕೂಗುತ್ತಿದ್ದಳು. ಕರುಣೆಯಿಂದ ಕೂಗುತ್ತಿರಲಿಲ್ಲ, ಅವಳಿಗೆ ಆ ಅಂಕ ನಿಜವಾಗಿ ಬೇಕಾಗಿತ್ತು. ದಪ್ಪ ಹುಡುಗಿ ಎರಡನೆಯವಳಾಗಿ ಬಂದು ಹುಲ್ಲಿನ ಮೇಲೆ ಕೂತಳು. ಐದಾರು ಮಕ್ಕಳು ಅವಳ ಮೇಲೆ ಬಿದ್ದು ಅಪ್ಪಿಕೊಂಡರು. ನಮ್ಮ ಮೊಮ್ಮಗಳು ಸಿ ಓಟದಲ್ಲಿ ಎರಡನೆಯವಳು. ಮೂರು ಅಂಕ ತಂದೆ ಎಂದು ಮನೆಗೆ ಬರುವಾಗ ಮೂರು ಸಲ ಹೇಳಿದಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಶಾಲೆಯಲ್ಲಿ ಒಂದೊಂದು ತರಗತಿಗೆ 60 ಮಕ್ಕಳಿದ್ದರು. ನಾನು ಆರಿಸುತ್ತಿದ್ದದ್ದು ಎಂಟು ಜನರನ್ನು. ತಾಲ್ಲೂಕು ಮಟ್ಟಕ್ಕೆ ಹೋಗಿ ಗೆದ್ದು ಬರುವವರು ಯಾರು ಎನ್ನುವುದೊಂದೇ ತಲೆಯಲ್ಲಿ. ಉಳಿದವರು ಚಪ್ಪಾಳೆ ತಟ್ಟುವವರು. ಒಬ್ಬ ಹುಡುಗ ಎಂಟು, ಒಂಬತ್ತು, ಹತ್ತು, ಮೂರೂ ವರ್ಷ ಓಡುವವರ ಅಂಗಿ, ಚಪ್ಪಲಿ ಕಾಯುತ್ತಾ ಕೂತ. ನಂಬಿಕಸ್ತ ಎಂದು ನಾನೇ ಆ ಕೆಲಸ ಕೊಟ್ಟಿದ್ದೆ. ಹತ್ತನೇ ತರಗತಿಯ ಕ್ರೀಡಾಕೂಟ ಮುಗಿದ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ, ನಾನು ಸ್ಟೋರ್ ರೂಮಿನಲ್ಲಿ ಗುಂಡು, ಡಿಸ್ಕಸ್ ಎತ್ತಿಡುತ್ತಿದ್ದೆ. ಹೊರಗೆ ನೋಡಿದರೆ ಆ ಹುಡುಗ ಅಳಿಸಿಹೋಗಿದ್ದ ಸುಣ್ಣದ ಗೆರೆ ಹಿಡಿದು ಒಬ್ಬನೇ ಓಡುತ್ತಿದ್ದ. ಕೊನೆಯ ಗೆರೆ ದಾಟಿ ನಿಂತು ಸುತ್ತ ನೋಡಿದ. ನಾನು ಹೊರಗೆ ಬಂದು ಮಾತಾಡಿಸಬಹುದಿತ್ತು. ಮಾತಾಡಿಸಲಿಲ್ಲ. ಅವನ ಹೌಸಿಗೆ ಅವನೂ ಒಂದು ಅಂಕ ತರುವ ಹಾಗೆ ಪಟ್ಟಿ ಬರೆಯಲು ನನಗೆ ಒಂದು ಹಾಳೆ, ಒಂದು ಪೆನ್ನು ಸಾಕಿತ್ತು.

ಸಂಗೀತದ ಸಂಜೆಯಲ್ಲೂ ಇದೇ ಬುದ್ಧಿ ಕಂಡಿತು. ಮೊಮ್ಮಗಳು ಚೆಲ್ಲೊ ಕಲಿಯಲು ಶುರು ಮಾಡಿದ್ದು ಹೋದ ಸೆಪ್ಟೆಂಬರ್‌ನಲ್ಲಿ. ಪಿಟೀಲಿನ ಜಾತಿಯದೇ, ಆದರೆ ದೊಡ್ಡದು, ಕೂತು ಕಾಲುಗಳ ನಡುವೆ ಇಟ್ಟುಕೊಂಡು ನುಡಿಸಬೇಕು. ಅವಳಿಗೆ ಇನ್ನೂ ಬೆರಳು ಸರಿಯಾಗಿ ಕೂರುವುದಿಲ್ಲ. ಆದರೂ ಶಾಲೆಯ ಆರ್ಕೆಸ್ಟ್ರಾದಲ್ಲಿ ಕೂತಿದ್ದಳು! ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಸಂಗೀತದ ಟೀಚರ್ ಹೊಸಬರಿಗೆಂದೇ ಬೇರೆ ಸಾಲು ಬರೆದು ಕೊಟ್ಟಿದ್ದರಂತೆ. ಚೆಲ್ಲೊಗೆ ನಾಲ್ಕು ತಂತಿ: ಸಿ, ಜಿ, ಡಿ, ಎ. ಬೆರಳು ಒತ್ತದೆ ಬರೀ ಕಮಾನು ಎಳೆದರೆ ಬರುವ ಸ್ವರಗಳಿವು. ಅಷ್ಟನ್ನೇ ಬಳಸಿ ಅವರ ಸಾಲು. ನಮ್ಮ ಮನೆಯವರಿಗೆ ಸಂಗೀತ ಗೊತ್ತು. ಒಂದು ತಂತಿಯನ್ನು ಸ ಎಂದುಕೊಂಡರೆ ಅದರ ಮುಂದಿನದು ಪ, ತಂಬೂರಿ ಮೀಟಿದ ಹಾಗೆ ಈ ಮಕ್ಕಳು ಶ್ರುತಿ ಹಿಡಿದಿದ್ದಾರೆ ನೋಡಿ ಎಂದು ಕಿವಿಯಲ್ಲಿ ಹೇಳಿದರು. ಆಮೇಲೆ ಕಿವಿಗೊಟ್ಟು ಕೇಳಿದೆ. ಹೌದು, ಮೇಲಿನ ರಾಗವೆಲ್ಲ ಆ ನಾಲ್ಕು ಮಕ್ಕಳ ದಪ್ಪ ನಾದದ ಮೇಲೆ ಕೂತಿತ್ತು.

ಇಲ್ಲಿ ಸಂಗೀತಕ್ಕೆ ಗ್ರೇಡ್ ಪರೀಕ್ಷೆಗಳಿವೆ. 1889ರಲ್ಲಿ ಶುರುವಾದ ಎಬಿಆರ್‌ಎಸ್‌ಎಂ ಎಂಬ ಸಂಸ್ಥೆಯ ಪರೀಕ್ಷೆಯಲ್ಲಿ ಎಂಟು ಗ್ರೇಡ್. ಐದನೇ ಗ್ರೇಡ್ ಮುಗಿಸಿದ ಹುಡುಗನೂ, ಒಂದನೇ ಗ್ರೇಡೂ ಮುಟ್ಟದ ನಮ್ಮ ಹುಡುಗಿಯೂ ಒಂದೇ ಸಾಲಿನಲ್ಲಿ ಕೂತಿದ್ದರು. ಗ್ರೇಡ್ ಮುಗಿಸಿ ಬಾ, ಆಮೇಲೆ ಸೇರಿಸಿಕೊಳ್ಳುತ್ತೇವೆ ಎಂದು ಹೇಳಿದ್ದರೆ ಅವಳು ಇಷ್ಟು ಹೊತ್ತಿಗೆ ಚೆಲ್ಲೊ ಬಿಟ್ಟಿರುತ್ತಿದ್ದಳು. ನನಗೆ ಅದು ಖಂಡಿತ ಗೊತ್ತು.

ಅದೇ ಸಂಜೆ ಪಿಯಾನೊ ನುಡಿಸುತ್ತಿದ್ದ ಒಬ್ಬ ಸಣ್ಣ ಹುಡುಗ ನಡುವೆ ಮರೆತು ನಿಂತುಬಿಟ್ಟ. ಸಭೆಯಲ್ಲಿ ಯಾರೂ ಅಯ್ಯೋ ಅನ್ನಲಿಲ್ಲ, ಚಪ್ಪಾಳೆ ತಟ್ಟಿ ಕಳಿಸಲೂ ಇಲ್ಲ. ಟೀಚರ್ ಹೋಗಿ ಪುಸ್ತಕದಲ್ಲಿ ಒಂದು ಜಾಗಕ್ಕೆ ಬೆರಳಿಟ್ಟು ವಾಪಸ್ ಬಂದರು. ಅವನು ಅಲ್ಲಿಂದ ಮುಂದುವರಿಸಿ ಮುಗಿಸಿದ. ಇನ್ನೂರು ಜನ ಅಷ್ಟು ಹೊತ್ತು ಸುಮ್ಮನೆ ಕಾದರು. ಮಗುವಿಗೆ ಬೇಕಾದದ್ದು ಆ ಅರ್ಧ ನಿಮಿಷ, ಅಲ್ವಾ?

ಚಿತ್ರ ಪ್ರದರ್ಶನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಊಟದ ಹಾಲಿನ ಗೋಡೆ ತುಂಬ ಚಿತ್ರ, ಮೇಜಿನ ಮೇಲೆ ಮಣ್ಣಿನ ಪಾತ್ರೆಗಳು. ಪ್ರತಿ ಮಗುವಿನದೂ ಒಂದಾದರೂ ಇರಲೇಬೇಕು. ಒಂದು ಪಾತ್ರೆ ಮೂರು ತುಂಡಾಗಿತ್ತು. ಅದನ್ನೂ ಇಟ್ಟಿದ್ದರು. ಪಕ್ಕದಲ್ಲಿ ಮಗುವಿನ ಅಕ್ಷರದಲ್ಲೇ ಚೀಟಿ: ಮಣ್ಣು ಪೂರ್ತಿ ಒಣಗಿರಲಿಲ್ಲ, ಗೂಡಿನಲ್ಲಿ ಒಡೆಯಿತು, ಮುಂದಿನ ಸಲ ಇನ್ನೊಂದು ವಾರ ಕಾಯುತ್ತೇನೆ. ಆ ಚೀಟಿಯ ಮುಂದೆ ನಾನು ಬಹಳ ಹೊತ್ತು ನಿಂತೆ.

ಎಲ್ಲವೂ ಚೆನ್ನಾಗಿತ್ತು ಎಂದು ಹೇಳುವುದಿಲ್ಲ. ಕೊನೆಯ ದಿನದ ಬಹುಮಾನ ಸಮಾರಂಭ ಎರಡು ಗಂಟೆ ನಡೆಯಿತು. ಅದರಲ್ಲಿ ಅದೇ ನಾಲ್ಕೈದು ಮಕ್ಕಳು ಮತ್ತೆ ಮತ್ತೆ ವೇದಿಕೆ ಹತ್ತಿ ಕಪ್ ತೆಗೆದುಕೊಂಡರು. ಹಿಂದಿನ ಸಾಲಿನ ಮಕ್ಕಳು ಬೆಂಚಿನ ಮೇಲೆ ಹೊರಳಾಡುತ್ತಿದ್ದರು. ನಾಲ್ಕು ವಾರ ಕಟ್ಟಿದ್ದನ್ನು ಆ ಎರಡು ಗಂಟೆ ಸ್ವಲ್ಪ ಕೆಡಿಸಿತು ಎಂದೇ ನನ್ನ ಅಭಿಪ್ರಾಯ. ಮಗಳ ಮೂಲಕ ಶಾಲೆಗೂ ಇದನ್ನು ಬರೆದು ತಿಳಿಸಿದ್ದೇನೆ.

ನಮ್ಮಲ್ಲಿ ಪ್ರತಿಭಾ ಕಾರಂಜಿ ಇದೆ. ಒಳ್ಳೆಯದೇ. ಅದರಿಂದ ಎಷ್ಟೋ ಮಕ್ಕಳು ಬೆಳಕಿಗೆ ಬಂದಿದ್ದಾರೆ. ಆದರೆ ಅದು ಸ್ಪರ್ಧೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೇಲೆ ಹೋದ ಹಾಗೆ ಮಕ್ಕಳು ಉದುರುತ್ತಾ ಹೋಗುತ್ತಾರೆ. ಹಾಗೆ ಉದುರಿದವರಿಗೂ ಶಾಲೆಯೊಳಗೆ ಒಂದು ಜಾಗ ಬೇಕು. ಅದಕ್ಕೆ ಸಮಯ ಎಲ್ಲಿದೆ ಎಂದು ಕೇಳುತ್ತಾರೆ. ನಾನೂ ಕೇಳಿಸಿಕೊಂಡಿದ್ದೇನೆ. ಜನವರಿ ಬಂತೆಂದರೆ ನನ್ನ ಪಿಟಿ ಪೀರಿಯಡ್ಡುಗಳನ್ನೆಲ್ಲ ಗಣಿತಕ್ಕೆ ಕೊಡಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ಮುಂದೆ ನನ್ನ ಮಾತು ನಡೆಯುತ್ತಿರಲಿಲ್ಲ. ಆದರೆ ಪರೀಕ್ಷೆ ಮುಗಿದ ಮೇಲಿನ ದಿನಗಳನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅವು ನಮ್ಮ ಕೈಯಲ್ಲೇ ಇದ್ದವು. ಬೇಸಿಗೆ ರಜೆ ಶುರುವಾಗುವ ಮುಂಚೆ ಸಿಗುವ ಒಂದು ವಾರವೇ ಆಗಲಿ, ನಾಲ್ಕೇ ದಿನ ಆಗಲಿ, ಬೆಳಿಗ್ಗೆ ಬಿಸಿಲು ಏರುವ ಮೊದಲು ಎಲ್ಲ ಮಕ್ಕಳನ್ನೂ ಓಡಿಸಬಹುದು. ಮಧ್ಯಾಹ್ನ ನೆರಳಿನಲ್ಲಿ ಎಲ್ಲರಿಂದ ಹಾಡಿಸಬಹುದು. ಹಾಡಲು ಬಾರದವನಿಗೆ ತಾಳ ಕೊಡಿ, ಅವನಿಗೆಂದೇ ಒಂದು ಸಾಲು ಬರೆದು ಕೊಡಿ.

ಮುಖ್ಯೋಪಾಧ್ಯಾಯರಲ್ಲಿ, ನನ್ನ ಪಿಟಿ ಮೇಷ್ಟ್ರು ಗೆಳೆಯರಲ್ಲಿ ಒಂದೇ ಬೇಡಿಕೆ. ಮುಂದಿನ ಕ್ರೀಡಾಕೂಟಕ್ಕೆ ಎ, ಬಿ, ಸಿ, ಡಿ ಎಂದು ಓಟ ಮಾಡಿ ನೋಡಿ. 60 ಮಕ್ಕಳಿದ್ದರೆ ಓಟಗಳು ಹೆಚ್ಚುತ್ತವೆ, ಒಂದು ದಿನದ ಬದಲು ಎರಡು ದಿನ ಹಿಡಿಯುತ್ತದೆ. ಹಿಡಿಯಲಿ. ಅಂಕ ಮಾತ್ರ ಎಲ್ಲ ಓಟಕ್ಕೂ ಒಂದೇ ಇರಲಿ. ಅದನ್ನು ಬದಲಾಯಿಸಿದರೆ ಇಡೀ ಏರ್ಪಾಟು ಬಿದ್ದುಹೋಗುತ್ತದೆ.

ನಾನು ಆಗಸ್ಟ್ ಕೊನೆಗೆ ಊರಿಗೆ ಬರುತ್ತೇನೆ. ಹಾಸನ, ಅರಸೀಕೆರೆ, ಹೊಳೆನರಸೀಪುರ ಕಡೆಯ ಯಾವ ಶಾಲೆಯವರು ಕರೆದರೂ ಬಸ್ಸು ಹಿಡಿದು ಬರುತ್ತೇನೆ. ಹಿಂದಿನ ದಿನವೇ ಬಂದು ಲೇನ್ ಹಾಕಿಕೊಡುತ್ತೇನೆ, ಮಕ್ಕಳ ಪಟ್ಟಿ ಬರೆದುಕೊಡುತ್ತೇನೆ. ಡಿ ಓಟಕ್ಕೆ ವಿಸಿಲ್ ಊದುವ ಕೆಲಸವನ್ನು ಮಾತ್ರ ನನಗೇ ಬಿಡಿ.

ಇಂತಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಸದ್ಯ ರೆಡಿಂಗ್, ಇಂಗ್ಲೆಂಡ್