ಹಕ್ಕಿ ಬದಲಾಗಲಿಲ್ಲ, ಹಿಂಡು ಬದಲಾಯಿತು

ಪ್ರೀತಿಯ ಪುಟ್ಟಿ,

ಜೀವಿಗಳು ಪೀಳಿಗೆಯಿಂದ ಪೀಳಿಗೆಗೆ ಬದಲಾಗುವ ವಿಕಾಸದ ಬಗ್ಗೆ ನೀನು ಕಳಿಸಿದ ಪ್ರಾಜೆಕ್ಟ್ ಪೂರ್ತಿ ಓದಿದೆ. ಚೆನ್ನಾಗಿ ಬರೆದಿದ್ದೀಯ. ಒಂದು ಸಾಲನ್ನು ಮಾತ್ರ ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ. "ಎತ್ತರದ ಎಲೆ ಬೇಕಾಗಿದ್ದರಿಂದ ಜಿರಾಫೆ ಕತ್ತನ್ನು ಉದ್ದ ಮಾಡಿಕೊಂಡಿತು" ಅಂತ ಬರೆದಿದ್ದೀಯಲ್ಲ, ಅದು.

ಹಾಗೆ ಅನ್ನಿಸೋದು ಸಹಜ. 1809ರಲ್ಲಿ ಫ್ರಾನ್ಸಿನ ವಿಜ್ಞಾನಿ ಲಮಾರ್ಕ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಬಳಸಿದ ಅಂಗ ಬೆಳೆಯುತ್ತದೆ, ಬೆಳೆದದ್ದು ಮರಿಗಳಿಗೂ ಬರುತ್ತದೆ ಅಂತ. ಜೀವಿಗಳು ಬದಲಾಗುತ್ತವೆ ಎಂದು ಆ ಕಾಲದಲ್ಲೇ ಧೈರ್ಯವಾಗಿ ಹೇಳಿದವರು ಅವರು. ಅದಕ್ಕಾಗಿ ನನಗೆ ಅವರ ಮೇಲೆ ತುಂಬ ಗೌರವ. ಆದರೆ ಬದಲಾಗುವ ದಾರಿ ಅದಲ್ಲ.

ಸರಿಯಾದ ದಾರಿ ಕಂಡವರು ಬ್ರಿಟನ್ನಿನ ಇಬ್ಬರು ವಿಜ್ಞಾನಿಗಳು, ಡಾರ್ವಿನ್ ಮತ್ತು ವ್ಯಾಲೇಸ್. ಬೇರೆ ಬೇರೆಯಾಗಿಯೇ ಕಂಡರು. 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿ ಎಂಬ ವಿಜ್ಞಾನ ಸಂಘದಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೇ ಓದಲಾಯಿತು. ನಿನ್ನ ಪ್ರಾಜೆಕ್ಟಿನಲ್ಲಿ ವ್ಯಾಲೇಸ್ ಹೆಸರೇ ಇಲ್ಲ, ದಯವಿಟ್ಟು ಸೇರಿಸು. ಇಬ್ಬರ ಮಾತೂ ಇಷ್ಟೇ: ಒಂದೇ ಜಾತಿಯಲ್ಲೂ ಒಂದರ ಹಾಗೆ ಇನ್ನೊಂದು ಇರೋದಿಲ್ಲ. ಹುಟ್ಟಿದವೆಲ್ಲ ಉಳಿಯೋದೂ ಇಲ್ಲ. ಉಳಿದು ಮರಿ ಮಾಡೋಕೆ ಯಾವ ವ್ಯತ್ಯಾಸ ನೆರವಾಯಿತೋ ಅದು ಮುಂದಿನ ಪೀಳಿಗೆಯಲ್ಲಿ ಜಾಸ್ತಿಯಾಗುತ್ತದೆ.

ಇದನ್ನು ಕಣ್ಣಾರೆ ಕಂಡವರಿದ್ದಾರೆ. ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿ 1973ರಿಂದ ಪೆಸಿಫಿಕ್ ಸಾಗರದ ಗಲಾಪಗಸ್ ದ್ವೀಪಗಳಲ್ಲಿ ಒಂದಾದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಕೊಕ್ಕು ಅಳೆದು ಬಿಡುತ್ತಿದ್ದರು. 1977ರಲ್ಲಿ ಮಳೆ ಕೈಕೊಟ್ಟಿತು. ಹಕ್ಕಿಗಳು ಸಣ್ಣ, ಮೆತ್ತನೆಯ ಬೀಜಗಳನ್ನೆಲ್ಲ ಮೊದಲು ತಿಂದು ಮುಗಿಸಿದವು. ಕೊನೆಗೆ ಉಳಿದದ್ದು ನೆಗ್ಗಿಲು ಜಾತಿಯ ಗಿಡದ ಮುಳ್ಳುಕಾಯಿಯಂಥ ಗಟ್ಟಿ ಬೀಜಗಳೇ ಹೆಚ್ಚು. ದಪ್ಪ ಕೊಕ್ಕಿನ ಹಕ್ಕಿ ಅದನ್ನು ಒಡೆಯಬಲ್ಲದು. ಸಣ್ಣ ಕೊಕ್ಕಿನದು ಪ್ರಯತ್ನಪಟ್ಟು ಬಿಟ್ಟುಬಿಡುತ್ತದೆ. ಅವರು ಗಮನಿಸುತ್ತಿದ್ದ ಒಂದು ಜಾತಿಯಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಹಕ್ಕಿಗಳು ಇಲ್ಲವಾದವು. ಉಳಿದವುಗಳ ಕೊಕ್ಕು ಮೊದಲಿನ ಸರಾಸರಿಗಿಂತ ಅರ್ಧ ಮಿಲಿಮೀಟರಿನಷ್ಟು ಹೆಚ್ಚು ದಪ್ಪ. ಅವುಗಳ ಮರಿಗಳೂ ಹಾಗೇ ದಪ್ಪ ಕೊಕ್ಕಿನವು.

ಇಲ್ಲೊಂದು ಕ್ಷಣ ನಿಲ್ಲು ಪುಟ್ಟಿ. ಆ ಬರಗಾಲದಲ್ಲಿ ಒಂದೇ ಒಂದು ಹಕ್ಕಿಯೂ ತನ್ನ ಕೊಕ್ಕನ್ನು ದಪ್ಪ ಮಾಡಿಕೊಳ್ಳಲಿಲ್ಲ. ಹಸಿದಿದ್ದವು, ಬೇಕೂ ಆಗಿತ್ತು, ಆದರೂ ಆಗಲಿಲ್ಲ. ದಪ್ಪ ಕೊಕ್ಕಿನವು ಮೊದಲೇ ಹಿಂಡಿನಲ್ಲಿದ್ದವು, ಅವು ಉಳಿದುಕೊಂಡವು, ಅಷ್ಟೇ. 1983ರಲ್ಲಿ ಎಲ್ ನಿನೋದಿಂದ, ಅಂದರೆ ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬೆಚ್ಚಗಾದದ್ದರಿಂದ, ಮಳೆ ಸುರಿದು ಸಣ್ಣ ಬೀಜಗಳು ತುಂಬಿಕೊಂಡವು. ಆಮೇಲಿನ ವರ್ಷಗಳಲ್ಲಿ ಸಣ್ಣ ಕೊಕ್ಕಿನವಕ್ಕೇ ಅನುಕೂಲವಾಯಿತು. ಯಾವುದು "ಮೇಲು" ಅನ್ನೋದನ್ನು ಆ ವರ್ಷದ ಮಳೆ ತೀರ್ಮಾನಿಸುತ್ತಿತ್ತು. ವಿಕಾಸ ಅಂದರೆ ಮೆಟ್ಟಿಲು ಹತ್ತುತ್ತಾ ಹೋಗೋದು ಅಂತ ಯಾರಾದರೂ ಹೇಳಿದರೆ ಈ ದ್ವೀಪದ ಕಥೆ ಹೇಳು.

ಡಾರ್ವಿನ್‌ಗೆ ಬಗೆಹರಿಯದ ಒಂದು ತೊಡಕಿತ್ತು. ಎರಡು ಬಣ್ಣ ಕಲಸಿದ ಹಾಗೆ ತಂದೆತಾಯಿಯ ಗುಣಗಳು ಮಕ್ಕಳಲ್ಲಿ ಬೆರೆತುಹೋಗುವುದಾದರೆ, ಒಳ್ಳೆಯ ವ್ಯತ್ಯಾಸವೂ ನಾಲ್ಕಾರು ಪೀಳಿಗೆಯಲ್ಲಿ ಕರಗಿಹೋಗಬೇಕು, ಅಲ್ವಾ? ಉತ್ತರ ಬ್ರ್ನೋ ಊರಿನ ಮಠದ ತೋಟದಲ್ಲಿತ್ತು. ಅಲ್ಲಿನ ಸನ್ಯಾಸಿ ಗ್ರೆಗರ್ ಮೆಂಡೆಲ್ ದುಂಡು ಬಟಾಣಿಗೂ ಸುಕ್ಕು ಬಟಾಣಿಗೂ ಅಡ್ಡತಳಿ ಮಾಡಿದರು. ಮೊದಲ ಪೀಳಿಗೆಯಲ್ಲಿ ಸುಕ್ಕು ಕಾಣಲೇ ಇಲ್ಲ. ಎರಡನೆಯದರಲ್ಲಿ 5,474 ದುಂಡು, 1,850 ಸುಕ್ಕು. ಸುಕ್ಕು ಗುಣ ಕರಗಿರಲಿಲ್ಲ, ಅಡಗಿತ್ತು. 1866ರಲ್ಲಿ ಅಚ್ಚಾದ ಈ ಕೆಲಸವನ್ನು ಜಗತ್ತು ಗಮನಿಸಿದ್ದು 1900ರಲ್ಲಿ. ಅಷ್ಟರಲ್ಲಿ ಡಾರ್ವಿನ್, ಮೆಂಡೆಲ್ ಇಬ್ಬರೂ ತೀರಿಕೊಂಡಿದ್ದರು. ನನಗೆ ಈಗಲೂ ಸಂಕಟವಾಗುತ್ತದೆ. ಆಮೇಲೆ ಫಿಶರ್, ಹಾಲ್ಡೇನ್, ರೈಟ್ ಎಂಬ ಮೂವರು ವಿಜ್ಞಾನಿಗಳು ಲೆಕ್ಕ ಹಾಕಿ ಡಾರ್ವಿನ್‌ರನ್ನೂ ಮೆಂಡೆಲ್‌ರನ್ನೂ ಒಂದುಗೂಡಿಸಿದರು.

ಇನ್ನೊಂದು ವಿಷಯ. ಎಲ್ಲ ಬದಲಾವಣೆಗೂ ಲಾಭದ ಕಾರಣ ಹುಡುಕಬೇಡ. ಜಪಾನಿನ ವಿಜ್ಞಾನಿ ಮೋಟೂ ಕಿಮುರಾ 1968ರಲ್ಲಿ ಒಂದು ಮಾತು ಹೇಳಿದರು: ಡಿಎನ್‌ಎಯಂಥ ಅಣುಗಳ ಮಟ್ಟದ ಬದಲಾವಣೆಗಳಲ್ಲಿ ಹೆಚ್ಚಿನವು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ, ಸುಮ್ನೆ ಆಕಸ್ಮಿಕವಾಗಿ ಹರಡುತ್ತವೆ. ಎಷ್ಟು ಪಾಲು ಹಾಗೆ ಅನ್ನೋದರ ಬಗ್ಗೆ ವಿಜ್ಞಾನಿಗಳು ಇವತ್ತಿಗೂ ವಾದ ಮಾಡುತ್ತಾರೆ. ನಿನ್ನ ಟೀಚರ್ ಎರಡು ಪುಟ ಜಾಸ್ತಿ ಬರೆಯೋಕೆ ಬಿಟ್ಟರೆ ಅದರ ಬಗ್ಗೆಯೇ ಬರಿ. ಬರೆದು ನನಗೂ ಕಳಿಸು.

ಪ್ರೀತಿಯಿಂದ,
ಅಮ್ಮ