ಬೀರುವಿನಲ್ಲಿರುವ ಪೆಡಲ್‌ಗಳ ವಿಷಯವಾಗಿ

ದಾವಣಗೆರೆ

ಚಿ. ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಬೀರು ತೆಗೆದು ತೋರಿಸಿದೆಯಲ್ಲ, ಅದೇ ತಲೆಯಲ್ಲಿ ಕೂತಿದೆ. ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಡಬ್ಬಿಗಳು, ಹತ್ತೊಂಬತ್ತು ಪೆಡಲ್, ನಾನು ಎಣಿಸಿದೆ. ಒಂದಕ್ಕೂ ವೈರ್ ಚುಚ್ಚಿರಲಿಲ್ಲ. "ಫಿಕ್ಸೆಡ್ ಡೆಪಾಸಿಟ್‌ಗಿಂತ ಇದೇ ವಾಸಿ ಮಾವ" ಅಂದೆ. ನಿಮ್ಮಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು, ಅದಕ್ಕೆ ಎಷ್ಟಾಯ್ತು ಅಂತ ಕೇಳಲಿಲ್ಲ.

ಈ ಡಬ್ಬಿಗಳು ನನಗೆ ಹೊಸವಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುತ್ತಿದ್ದ ಕಾಲದಲ್ಲಿ ನನ್ನ ಹತ್ತಿರ ಒಂದೇ ಒಂದು ಪೆಡಲ್ ಇತ್ತು. ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1. ಸಿಂಗಪುರದಿಂದ ಬಂದ ಒಬ್ಬರ ಕೈಯಿಂದ ಕೊಂಡಿದ್ದೆ. ಆಮೇಲೆ ಅಂಗಡಿ ಬಾಡಿಗೆ ಕಟ್ಟಲಿಕ್ಕೆ ನಾನೂರು ರೂಪಾಯಿಗೆ ಮಾರಿದೆ. ಅಂಥದಕ್ಕೆ ಈಗ ಎಷ್ಟು ಅಂತ ನೀನು ಹೇಳಿದ ರಾತ್ರಿ ನಿದ್ದೆ ಬರಲಿಲ್ಲ ಅಂತ ಸುಳ್ಳು ಬರೆಯಲ್ಲ, ಚೆನ್ನಾಗೇ ಬಂತು.

ಡಿಎಸ್-1 ಬಂದದ್ದು 1978ರಲ್ಲಿ. ಇವತ್ತಿಗೂ ಹೊಸದೇ ಸಿಗುತ್ತದೆ, ದೊಡ್ಡ ಬೆಲೆಯೂ ಇಲ್ಲ. ಹಳೆಯದರಲ್ಲಿ ತೋಷಿಬಾದ ಒಂದು ಐಸಿ, ಅಂದರೆ ಪುಟ್ಟ ಚಿಪ್, ಇತ್ತು. ಅದು ಸಿಗದ ಹಾಗಾದ ಮೇಲೆ 1994ರಲ್ಲಿ ಬೇರೆ ಐಸಿ ಹಾಕಿದರು. ಸದ್ದು ಸ್ವಲ್ಪ ಬೇರೆ, ಇಲ್ಲ ಅನ್ನಲ್ಲ. ಆದರೆ ಜನ ಜಾಸ್ತಿ ದುಡ್ಡು ಕೊಡುವುದು ಹಿಂದೆ ಅಂಟಿಸಿದ 'ಮೇಡ್ ಇನ್ ಜಪಾನ್' ಚೀಟಿಗೆ, ಬ್ಯಾಟರಿ ಮುಚ್ಚಳದ ಬೆಳ್ಳಿ ಬಣ್ಣದ ಸ್ಕ್ರೂಗೆ. ಸ್ಕ್ರೂ ಹಾಡುತ್ತದಾ?

ಟ್ಯೂಬ್ ಸ್ಕ್ರೀಮರ್ ಅನ್ನುವ ಪೆಡಲ್‌ನ ಕಥೆಯೂ ಅದೇ. ಅದರೊಳಗಿನ 4558 ಐಸಿಯನ್ನು ನೀವೆಲ್ಲ ಪ್ರಸಾದದ ಹಾಗೆ ಕಾಣುತ್ತೀರಿ. ಸತ್ತುಹೋದ ಟೇಪ್‌ರೆಕಾರ್ಡರ್‌ಗಳಿಂದ ಕಿತ್ತ ಆ ನಂಬರಿನ ಐಸಿಗಳು ನನ್ನ ಹಾರ್ಲಿಕ್ಸ್ ಬಾಟಲಿಯಲ್ಲಿ ಅರ್ಧ ತುಂಬಿವೆ. ಬೇಕಾದರೆ ಕಳಿಸುತ್ತೇನೆ.

ಈಗ ನಿನ್ನ ಕಣ್ಣು ಬಿದ್ದಿರುವ ಕ್ಲಾನ್ ಸೆಂಟಾರ್ ಪೆಡಲ್ ವಿಷಯಕ್ಕೆ ಬರುತ್ತೇನೆ. ನೀನಿರುವ ಬಾಸ್ಟನ್ ಕಡೆಯಲ್ಲೇ ಬಿಲ್ ಫಿನೆಗನ್ ಅದನ್ನು ಕೂತು ಒಂದೊಂದಾಗಿ ಮಾಡಿದ್ದು. 1994ರಿಂದ ಶುರು ಮಾಡಿ ಹದಿನೈದು ವರ್ಷದಲ್ಲಿ ಸುಮಾರು 8,000 ಆಯಿತು, ಅಷ್ಟೆ. ಹೊಸದರ ಬೆಲೆ ಮುನ್ನೂರು ಡಾಲರ್ ಆಚೀಚೆ ಇತ್ತು. ಯಾರೂ ನಕಲು ಹೊಡೆಯಬಾರದು ಅಂತ ಸರ್ಕ್ಯೂಟಿನ ಮೇಲೆ ಗಟ್ಟಿ ಅಂಟು ಸುರಿದಿದ್ದ. ಮುಚ್ಚಿಟ್ಟದ್ದರ ಮೇಲೆ ಎಲ್ಲರಿಗೂ ಕುತೂಹಲ ಅಲ್ವಾ? ಕೊನೆಗೆ ಅಂಟನ್ನು ಕೆರೆದು ಬಿಡಿಸಿ, ಒಳಗಿನ ನಕ್ಷೆ ಬರೆದೇಬಿಟ್ಟರು. ಈಗ ಅದರ ನಕಲುಗಳು ನೂರು ಡಾಲರ್‌ಗೂ ಕಡಿಮೆಗೆ ಸಿಗುತ್ತವೆ. ಇಷ್ಟು ನಕಲು ಬಂದ ಮೇಲೆ ಅಸಲಿನ ಬೆಲೆ ಇಳಿಯಬೇಕಿತ್ತು. ಏರಿ ಏರಿ ಐದು ಸಾವಿರ ಡಾಲರ್ ದಾಟಿತು.

ಯಾಕೆ ಅಂತ ನಿನ್ನ ಬೀರುವನ್ನೇ ಕೇಳು. ಇರುವುದೇ 8,000. ಕೊಂಡವನು ಬಾರಿಸುತ್ತಿದ್ದರೆ ಒಂದು ದಿನ ಬೇಜಾರಾಗಿ ಮಾರುತ್ತಾನೆ. ಗಾಜಿನ ಬೀರುವಿನಲ್ಲಿ ಇಟ್ಟವನು ಮಾರುವುದಿಲ್ಲ, ಎರಡನೆಯದನ್ನೂ ಹುಡುಕುತ್ತಾನೆ. ಸಂತೆಯಲ್ಲಿ ಉಳಿಯುವುದು ಹತ್ತೋ ಹನ್ನೆರಡೋ. ಆ ಹತ್ತಕ್ಕೆ ಯಾರೋ ಬಾಯಿಗೆ ಬಂದ ಬೆಲೆ ಬರೆದರೆ, ಮುಂದಿನವನು ಅದನ್ನೇ ನೋಡಿ ಇನ್ನೂ ಐನೂರು ಸೇರಿಸುತ್ತಾನೆ. ನಮ್ಮೂರಲ್ಲಿ ಸೈಟಿನ ಬೆಲೆ ಏರಿದ್ದೂ ಹೀಗೇ. ಕೇಳಿದ ಬೆಲೆ ಬೇರೆ, ವ್ಯಾಪಾರ ಕುದುರಿದ ಬೆಲೆ ಬೇರೆ ಅನ್ನುವುದು ಮಾತ್ರ ನೆನಪಿರಲಿ.

ಫಿನೆಗನ್‌ಗೇ ಇದು ರೇಜಿಗೆ ಆಯಿತು ಅಂತ ಕಾಣುತ್ತೆ. ಆಮೇಲೆ ಅದೇ ಸರ್ಕ್ಯೂಟನ್ನು ಕೆಟಿಆರ್ ಅಂತ ಪುಟ್ಟ ಡಬ್ಬಿಯಲ್ಲಿ ತಂದಾಗ, ಅಷ್ಟೊಂದು ಜನರ ಕಣ್ಣು ಕೆಂಪಾಗಿಸಿರುವ ಈ ಅಬ್ಬರ ನನ್ನ ಕೆಲಸವಲ್ಲ ಅಂತ ಡಬ್ಬಿಯ ಮೇಲೇ ಅಚ್ಚು ಹಾಕಿಸಿದ. ನನಗೆ ಆ ಮನುಷ್ಯ ಇಷ್ಟವಾಗಿದ್ದು ಇದಕ್ಕೇ.

2023ರಲ್ಲಿ ಡಿಜಿಟೆಕ್ ಕಂಪನಿಯ ಬ್ಯಾಡ್ ಮಂಕಿ ಪೆಡಲ್‌ಗೆ ಏನಾಯ್ತು ಅಂತ ನಿನಗೇ ಗೊತ್ತು. ಐವತ್ತು ಡಾಲರ್ ಆಸುಪಾಸಿನಲ್ಲಿ ಬಿದ್ದಿರುತ್ತಿದ್ದ ಹಸಿರು ಡಬ್ಬಿ. ಜೆಎಚ್‌ಎಸ್ ಅನ್ನುವ ಪೆಡಲ್ ಕಂಪನಿಯ ಜಾಶ್ ಸ್ಕಾಟ್ ಒಂದು ವಿಡಿಯೋದಲ್ಲಿ ಅದನ್ನು ಕ್ಲಾನ್ ಪಕ್ಕ ಇಟ್ಟು ಬಾರಿಸಿ, ನೋಡಿ ಎಷ್ಟು ಹತ್ತಿರ ಇದೆ ಅಂದ. ದುಡ್ಡಿಲ್ಲದವರಿಗೆ ಖುಷಿ ಆಗಬೇಕಾದ ಸುದ್ದಿ ಅದು. ಕೆಲವೇ ದಿನದಲ್ಲಿ ನಾಲ್ಕೈದು ಪಟ್ಟು ಕೇಳತೊಡಗಿದರು. ನೀನೂ ಆ ವಾರ ಮೂರು ಕೊಂಡೆ ಅಂತ ಹೆಮ್ಮೆಯಿಂದ ಹೇಳಿದೆ. ಮೂರು ಯಾಕೋ? ನಿನಗಿರುವುದು ಎರಡು ಕಾಲು.

ನಮ್ಮ ಬೀದಿಯ ಒಬ್ಬ ಹುಡುಗ ಕಾಲೇಜಿನ ಬ್ಯಾಂಡ್‌ನಲ್ಲಿ ಬಾರಿಸುತ್ತಾನೆ. ಹಳೇ ಪೆಡಲ್ ಒಂದನ್ನು ಕೊಳ್ಳಲು ಹೋದರೆ, ಮಾರುವವನು ಮೊಬೈಲಿನಲ್ಲಿ ಅಮೆರಿಕದ ಬೆಲೆ ತೋರಿಸಿ ಅದನ್ನು ರೂಪಾಯಿಗೆ ತಿರುಗಿಸಿ ಕೇಳಿದನಂತೆ. ಹುಡುಗ ನನ್ನ ಅಂಗಡಿಗೆ ಬಂದು ಪೆಚ್ಚಾಗಿ ಕೂತ. ಕೊನೆಗೆ ನಾವಿಬ್ಬರೂ ಸೇರಿ ಒಂದು ಮಾಡಿದೆವು. ಡಬ್ಬಿ ಸ್ವಲ್ಪ ಸೊಟ್ಟ, ಗುಂಯ್ ಅಂತ ಒಂದು ಸದ್ದು ಇನ್ನೂ ಹೋಗಿಲ್ಲ. ಆದರೂ ಎರಡು ಕಾರ್ಯಕ್ರಮ ಬಾರಿಸಿದ.

ನಿನಗೆ ಇಷ್ಟವಾದ ನಾಲ್ಕು ಇಟ್ಟುಕೋ, ಆ ಹಳೇ ಫಜ್ ಪೆಡಲ್‌ನ ಖಂಡಿತ ಇಟ್ಟುಕೋ. ಅದರೊಳಗಿನ ಜರ್ಮೇನಿಯಂ ಟ್ರಾನ್ಸಿಸ್ಟರ್ ಸೆಕೆಗೆ ಹೇಗೆ ಮಿಡುಕುತ್ತದೆ ಅಂತ ಮೇ ತಿಂಗಳಲ್ಲಿ ಇಲ್ಲಿಗೆ ತಂದರೆ ತೋರಿಸುತ್ತೇನೆ. ಉಳಿದದ್ದನ್ನು ಬಾರಿಸುವವರಿಗೆ ಕೊಡು, ನೀನು ಕೊಂಡ ಬೆಲೆಗೇ ಕೊಡು. ಕ್ಲಾನ್ ಬೇಕೇ ಬೇಕು ಅಂದರೆ ಮೊದಲು ಒಂದು ಕಡಿಮೆ ಬೆಲೆಯ ನಕಲು ತಂದು, ಕಣ್ಣು ಮುಚ್ಚಿ ಎರಡು ತಿಂಗಳು ಬಾರಿಸು. ಕ್ರೆಡಿಟ್ ಕಾರ್ಡ್ ಮೇಲಂತೂ ಬೇಡ. ಆ ಬಡ್ಡಿಯ ವಿಷಯ ನಿಮ್ಮಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ಮಾತು, ಇವತ್ತೇ ಮಾಡು. ಹತ್ತೊಂಬತ್ತನ್ನೂ ಬಿಚ್ಚಿ ಒಳಗಿನ 9 ವೋಲ್ಟ್ ಬ್ಯಾಟರಿ ತೆಗೆ. ನೀನು ಕ್ಯಾಮೆರಾಗೆ ಹತ್ತಿರ ಹಿಡಿದ ಆ ಹಳದಿ ಪೆಡಲ್‌ನ ಮುಚ್ಚಳದ ಅಂಚಿನಲ್ಲಿ ಹಸಿರು ಪುಡಿ ಕಾಣಿಸಿತು. ಬ್ಯಾಟರಿ ಸೋರಿ ಕ್ಲಿಪ್ ತಿಂದಿದೆ. ಉಜ್ಜಬೇಡ, ಹಾಗೇ ತಾ. ದೀಪಾವಳಿಗೆ ಬಂದಾಗ ಹೊಸ ಕ್ಲಿಪ್ ಹಾಕಿಕೊಡುತ್ತೇನೆ.

ಇಂತಿ ನಿನ್ನ,
ಮಾವ